ಮಾದೇಶರನ್ನು ಒಂದುಗೂಡಿಸಿದ್ದು

ಮರೆವಿನವರಲ್ಲಿ ಎರಡು ಪಂಗಡ. ಮರೆತುಬಿಟ್ಟೆ ಎಂದು ತಲೆ ಕೆರೆದುಕೊಂಡು ಒಪ್ಪಿಕೊಳ್ಳುವವರು ಒಂದು, ನೀವು ಹೇಳಲೇ ಇಲ್ಲ ಎಂದು ಜಗಳಕ್ಕೆ ನಿಲ್ಲುವವರು ಇನ್ನೊಂದು. ನಾನು ಎರಡನೆಯ ಪಂಗಡದ ಹಳೆಯ ಸದಸ್ಯ. ಬೇರೆ ಉದ್ಯೋಗದಲ್ಲಿದ್ದರೆ ಈ ಗುಣದಿಂದಲೇ ಮೇಲೆ ಬರುತ್ತಿದ್ದೆನೋ ಏನೋ, ಆದರೆ ಹನೂರಿನಲ್ಲಿ ಬೆಟ್ಟದ ರಸ್ತೆಗೆ ಮುಖ ಮಾಡಿ ಒಂದು ಪುಟ್ಟ ಲಾಡ್ಜ್ ನಡೆಸುವವನಿಗೆ ಇದು ಹೇಳಿಮಾಡಿಸಿದ ಗುಣವಲ್ಲ. ಬೆಟ್ಟ ಅಂದರೆ ನಮ್ಮಲ್ಲಿ ಮಾದಪ್ಪನ ಬೆಟ್ಟ, ಬೇರೆ ಯಾವುದೂ ಅಲ್ಲ. ಅಮಾವಾಸ್ಯೆ ಬಂತೆಂದರೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಾಗಾಗಿ ಹಿಂದಿನ ಸಂಜೆಯೇ ಬಂದು ನಮ್ಮಲ್ಲಿ ತಂಗಿ, ಬೆಳಗಿನ ಮೊದಲ ಬಸ್ಸಿಗೆ ಬೆಟ್ಟಕ್ಕೆ ಹೋಗುವ ಮಾದಪ್ಪನ ಒಕ್ಕಲು ಮನೆತನಗಳು ಎಷ್ಟೋ ಇವೆ. ಅವರಿಗೆ ರಸೀದಿಯೂ ಬೇಡ, ಮುಂಗಡವೂ ಬೇಡ, ನಾನು ಬಾಯಲ್ಲಿ ಒಂದು ಮಾತು ಹೇಳಿದರೆ ಸಾಕು. ಆ ಮಾತು ತಪ್ಪಿದರೆ ಮಕ್ಕಳುಮರಿ ಕಟ್ಟಿಕೊಂಡು ಬಂದವರು ರಸ್ತೆ ಬದಿಯಲ್ಲಿ ಮಲಗಬೇಕಾಗುತ್ತದೆ.

ಒಂದು ಅಮಾವಾಸ್ಯೆಗೆ ನಾನು ಒಂದೇ ರೂಮನ್ನು ಎರಡು ಸಂಸಾರಗಳಿಗೆ ಒಪ್ಪಿಬಿಟ್ಟೆ. ಇಬ್ಬರೂ ಗಂಟುಮೂಟೆ ಸಮೇತ ಬಂದು ನಿಂತರು. ಪದ್ಧತಿಯಂತೆ ಇಬ್ಬರಿಗೂ "ನೀವು ಹೇಳಲೇ ಇಲ್ಲ" ಎಂದೆ. ಕೌದಳ್ಳಿಯ ಶಾಲೆಯಲ್ಲಿ ಟೀಚರಾಗಿರುವ ನನ್ನ ಹೆಂಡತಿ ಮಂಜುಳ ಆಗ ತಾನೇ ಬಸ್ಸಿಳಿದು ಬಂದಿದ್ದಳು. "ಇಬ್ರೂ ಹೇಳ್ದೆ ಇದ್ರೆ ಇಬ್ರೂ ಒಂದೇ ರೂಮಿನ ಬೀಗದ್ ಕೈ ಯಾಕ್ರಿ ಕೇಳ್ತಾವ್ರೆ?" ಎಂದಳು. ಮೂವತ್ತು ಮಕ್ಕಳ ಮುಂದೆ ನಿಂತು ಅಭ್ಯಾಸವಾದವಳು, ಪ್ರಶ್ನೆ ಕೇಳಿದರೆ ಉತ್ತರ ಬರುವ ತನಕ ಕಣ್ಣು ಕೀಳುವುದಿಲ್ಲ. ಅಂದೇ ತೀರ್ಮಾನವಾಯಿತು. "ನಿಮ್ ತಲೆ ನಂಬ್ಕಂಡು ಲಾಡ್ಜ್ ನಡ್ಸೋದ್ ಸಾಕು ಕಣ್ರಿ. ಒಂದು ಸಾಫ್ಟ್‌ವೇರ್ ಹಾಕ್ಸಿ."

ಸಾಫ್ಟ್‌ವೇರ್ ಆರಿಸುವುದು ಇಷ್ಟು ದೊಡ್ಡ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ಮೊದಲನೆಯ ಕಂಪನಿಯ ಹೆಣ್ಣುಮಗಳು ಫೋನಿನಲ್ಲೇ ವಿಚಾರಣೆ ಶುರು ಮಾಡಿದಳು. ಈಜುಕೊಳ ಇದೆಯೇ, ಮಸಾಜು ಇದೆಯೇ, ಸಾಕುಪ್ರಾಣಿಗಳನ್ನು ಒಳಗೆ ಬಿಡುತ್ತೀರಾ? ಬೆಳಗಿನ ಹೊತ್ತು ಬಿಸಿನೀರು ಇದೆ, ಮಂಗಗಳನ್ನು ನಾವು ಬಿಡುವುದಿಲ್ಲ, ಅವೇ ಬರುತ್ತವೆ ಎಂದೆ. ಆಕೆ ಮತ್ತೆ ಫೋನ್ ಮಾಡಲಿಲ್ಲ. ಎರಡನೆಯವನ ಸಾಫ್ಟ್‌ವೇರು ಜನ ಹೆಚ್ಚಾದ ದಿನ ತಾನಾಗಿಯೇ ಬಾಡಿಗೆ ಏರಿಸುತ್ತದಂತೆ. ಸುಳ್ಳೇಕೆ ಹೇಳಲಿ, ನನಗೆ ಆಸೆಯಾಯಿತು. ಆದರೆ ಅಮಾವಾಸ್ಯೆಯ ದಿನ ಬಾಡಿಗೆ ಏರಿಸಿ ಮಾದಪ್ಪನ ಎದುರು ಬದುಕಲು ಧೈರ್ಯವಾಗಲಿಲ್ಲ.

ಮೂರನೆಯವನು ಮೈಸೂರಿನಿಂದ ತಾನೇ ಬಂದ. ಲ್ಯಾಪ್‌ಟಾಪು ತೆರೆದು ಅದೇನೇನೋ ಬಣ್ಣದ ಚೌಕಗಳನ್ನು ತೋರಿಸತೊಡಗಿದ. ನಾನು ಅಲ್ಲಿಗೇ ತಡೆದು, "ಯಾವೂರಪ್ಪ?" ಎಂದೆ. ಮೈಸೂರು ಎಂದ. "ಅದು ಈಗ. ಮೂಲ?" ಎಂದೆ. ಅಜ್ಜಿಯ ಊರು ಯಳಂದೂರು ತಾಲ್ಲೂಕಿನ ಹೊನ್ನೂರು ಎಂದ. ಒಳಗಿನಿಂದ ಮಂಜುಳ ಬಂದೇಬಿಟ್ಟಳು, ಹೊನ್ನೂರು ಅವಳ ತವರು. "ಹೊನ್ನೂರಲ್ಲಿ ಯಾರ್ ಮನೆ?" ಎಂದು ಶುರುವಾದದ್ದು ಯಾರ ಮಗಳು ಯಾರಿಗೆ, ಯಾರ ಗದ್ದೆ ಪಕ್ಕ ಯಾರದು ಎಂದು ಸಾಗಿ, ಕೊನೆಗೆ ಆ ಹುಡುಗ ಅವಳಿಗೆ ವರಸೆಯಲ್ಲಿ ತಮ್ಮನಾಗಬೇಕು ಎಂಬಲ್ಲಿಗೆ ಬಂದು ನಿಂತಿತು. ಉಪ್ಪಿಟ್ಟು ಬಂತು. ಹೆಣ್ಣು ತರುವಾಗಲೂ ಎತ್ತು ಕೊಳ್ಳುವಾಗಲೂ ನಾವು ಮೊದಲು ಊರು ಕೇಳುವವರು, ಸಾಫ್ಟ್‌ವೇರಿಗೆ ಬೇರೆ ನ್ಯಾಯ ಏಕೆ? ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ನಾನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ.

ಕೆಲಸ ಶುರುವಾದ ಮೇಲೆ ತಿಳಿಯಿತು, ಆ ಯಂತ್ರಕ್ಕೆ ಮನುಷ್ಯರನ್ನು ಗುರುತು ಹಿಡಿಯುವುದೇ ಗೊತ್ತಿಲ್ಲ ಎಂದು. ಅದಕ್ಕೆ ಹೆಸರು ಬೇಕು, ಫೋನ್ ನಂಬರ್ ಬೇಕು. ಬೆಟ್ಟದ ಸುತ್ತಿನ ಊರುಗಳಲ್ಲಿ ಹೆಸರಿಗೇನು ಬರವೇ? ಮಾದಪ್ಪ ಕೊಟ್ಟ ಮಗು ಎಂದು ಮನೆಗೊಬ್ಬ ಮಾದೇಶ. ಅಡ್ಡಹೆಸರು ಗಿಡ್ಡಹೆಸರು ನಮಗೆ ಅಭ್ಯಾಸವಿಲ್ಲ. ಫೋನ್ ಬಂದರೆ ಮಾತುಕತೆ ಹೀಗಿರುತ್ತದೆ:

"ಅಮಾಸ್ಗೆ ಬತ್ತೀವಿ, ರೂಮ್ ಮಡಗಿರಿ ಸಾ."

"ಹೆಸರು?"

"ಮಾದೇಶ ಕಣ್ ಸಾ."

"ಯಾವ ಮಾದೇಶ?"

"ನಾನೇ ಕಣ್ ಸಾ. ಓದ್ ಸತಿ ಬಂದಿದ್ನಲ್ಲ."

ನಂಬರ್ ಹೇಳಪ್ಪ ಎಂದರೆ, "ಅದ್ಯಾಕ್ ಸಾ, ಏನಾರ ಇದ್ರೆ ನಾನೇ ಮಾಡ್ತೀನಿ" ಎಂದು ಇಟ್ಟುಬಿಡುತ್ತಾನೆ. ಯಾರದೋ ಫೋನಿನಿಂದ ಮಾತಾಡಿರುತ್ತಾನೆ. ನಂಬರಿನ ಜಾಗ ಖಾಲಿ ಬಿಟ್ಟರೆ ಯಂತ್ರ ಕೆಂಪು ಗೆರೆ ಎಳೆದು ಮುನಿಸಿಕೊಳ್ಳುತ್ತದೆ. ಹಾಗಾಗಿ ನಾನು ಎಲ್ಲ ಮಾದೇಶರ ಮುಂದೆಯೂ ನನ್ನ ನಂಬರನ್ನೇ ಹೊಡೆದೆ. ಎರಡನೆಯ ಮಾದೇಶನ ಹೊತ್ತಿಗೇ ಯಂತ್ರ ನನ್ನನ್ನು ಕೇಳಿತು: ಈ ಅತಿಥಿ ಈಗಾಗಲೇ ಇದ್ದಾರೆ, ಒಂದುಗೂಡಿಸಲೇ? ಎಂಥ ವಿನಯ ಅನ್ನಿಸಿತು. ಒಂದುಗೂಡುವುದು ಕೆಟ್ಟದ್ದು ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಹೂಂ ಎಂದು ಒತ್ತಿದೆ. ಮೂರನೆಯವನಿಗೂ ಒತ್ತಿದೆ. ಆಮೇಲೆ ಅದು ಕೇಳುವ ಮೊದಲೇ ಬೆರಳು ಅಲ್ಲಿರುತ್ತಿತ್ತು.

ಅವರಲ್ಲಿ ನಂಜನಗೂಡು ಕಡೆಯ ಒಬ್ಬ ಮಾದೇಶ ಮಾತ್ರ ಎರಡು ಸಲ ಫೋನ್ ಮಾಡಿದ್ದ. ಮದುವೆಯಾಗಿ ಬಹಳ ಕಾಲಕ್ಕೆ ಹುಟ್ಟಿದ ಗಂಡುಮಗುವಿನ ಮುಡಿ ಕೊಡಬೇಕಿತ್ತು. "ನಮ್ಮವ್ವ ಹರಸ್ಕಂಡವ್ಳೆ ಸಾ. ಮಗೀಗ್ ಮುಡಿ ಕೊಡೋಗಂಟ ಕಾಲ್ಗೆ ಮೆಟ್ಟು ಹಾಕಲ್ಲ ಅಂತ ಬರೀ ಕಾಲಲ್ಲೇ ತಿರುಗ್ತಾವ್ಳೆ. ವಯಸ್ಸಾಗದೆ, ರಾತ್ರಿ ಬಯಲಲ್ಲಿ ಮಡಗಕ್ಕಾಗಕಿಲ್ಲ. ರೂಮೊಂದು ತಪ್ಪುಸ್ಬ್ಯಾಡಿ." ತಪ್ಪುವ ಮಾತೇ ಇಲ್ಲ, ಈಗ ಕಂಪ್ಯೂಟರಿನಲ್ಲಿದೆ ಎಂದು ನಾನು ದೊಡ್ಡಸ್ತಿಕೆಯಿಂದ ಹೇಳಿದ್ದೆ.

ಅಮಾವಾಸ್ಯೆಗೆ ಎರಡು ದಿನ ಇರುವಾಗ ಕೊಳ್ಳೇಗಾಲದಿಂದ ಇನ್ನೊಬ್ಬ ಮಾದೇಶನ ಫೋನ್ ಬಂತು. ದಾಯಾದಿಗಳ ಮನೆಯಲ್ಲಿ ಹೆರಿಗೆಯಾಗಿದೆ, ಸೂತಕ, ಬೆಟ್ಟ ಹತ್ತುವ ಹಾಗಿಲ್ಲ, ರೂಮು ಬೇಡ. ನಾನು ಮಾದೇಶ ಎಂದು ಹುಡುಕಿದೆ. ಒಬ್ಬನೇ ಸಿಕ್ಕಿದ, ಹುಡುಕುವ ಕಷ್ಟವೇ ಇರಲಿಲ್ಲ. ರದ್ದು ಮಾಡಲೇ ಎಂದಿತು, ಮಾಡು ಎಂದೆ. ಎಲ್ಲವನ್ನೂ ಮಾಡಲೇ ಎಂದಿತು, ಅರ್ಧ ಮಾಡಿ ಏನು ಪ್ರಯೋಜನ, ಎಲ್ಲವನ್ನೂ ಮಾಡು ಎಂದೆ. ಒಬ್ಬನ ಮನೆಯ ಸೂತಕ ಊರೂರಿನ ಮಾದೇಶರಿಗೆಲ್ಲ ತಗುಲಿತು. ಖಾಲಿಯಾದ ರೂಮುಗಳನ್ನು ತಾನೇ ಜಗತ್ತಿಗೆ ಸಾರುವುದು ಆ ಸಾಫ್ಟ್‌ವೇರಿನ ಹೆಚ್ಚುಗಾರಿಕೆ. ಹೊಗೇನಕಲ್ ನೋಡಲು ಹೊರಟಿದ್ದ ಬೈಕ್ ಸವಾರರ ಗುಂಪೊಂದು ಸಂಜೆಯೊಳಗೆ ಅಷ್ಟನ್ನೂ ಹಿಡಿದಿತ್ತು. ರದ್ದಾದ ಸುದ್ದಿಯನ್ನು ಅದು ಪ್ರತಿಯೊಬ್ಬ ಮಾದೇಶನಿಗೂ ಮರ್ಯಾದೆಯಾಗಿ ಕಳಿಸಿತ್ತು, ನನ್ನ ನಂಬರಿಗೆ. ಯಾರೋ ಸಾಲ ಕೊಡುತ್ತೇವೆಂದು ಕಾಟ ಕೊಡುತ್ತಿದ್ದಾರೆ ಎಂದುಕೊಂಡು ನಾನು ಒಂದನ್ನೂ ತೆರೆಯಲಿಲ್ಲ.

ಅಮಾವಾಸ್ಯೆಯ ಹಿಂದಿನ ಸಂಜೆ ಬೈಕಿನವರು ಹೆಲ್ಮೆಟ್ಟು ತೆಗೆದು ರೂಮು ಸೇರಿಕೊಂಡರು. ಇವರು ಯಾರ ರೂಮಿನಲ್ಲಿದ್ದಾರೆ ಎಂದು ಲೆಕ್ಕ ಹಾಕುವಷ್ಟರಲ್ಲಿ ಮಾದೇಶರು ಬರತೊಡಗಿದರು. ಆಟೋದಲ್ಲಿ ಒಬ್ಬ, ಬಸ್ಸಿನಲ್ಲಿ ಒಬ್ಬ, ಗೂಡ್ಸ್ ಗಾಡಿಯಲ್ಲಿ ಸಂಸಾರ ಸಮೇತ ಇನ್ನೊಬ್ಬ. ಕಂಪ್ಯೂಟರಿನಲ್ಲಿ ಮಾದೇಶ ಎಂಬುವನೇ ಇರಲಿಲ್ಲ. ಕೊನೆಗೆ ನಂಜನಗೂಡು ಕಡೆಯವನು ಬಂದ. ಅವನ ತಾಯಿ ಒಳಕ್ಕೆ ಬರಲಿಲ್ಲ, ರಸ್ತೆಯ ಕಡೆ ಮುಖ ಮಾಡಿ ಹೊರಗಿನ ಮೆಟ್ಟಿಲ ಮೇಲೆ ಕೂತು ಅಂಗಾಲು ಒತ್ತಿಕೊಳ್ಳುತ್ತಿದ್ದಳು. ಒಡೆದ ಹಿಮ್ಮಡಿ ನನಗೆ ಕಾಣಿಸಿತು. ಹಳೆಯ ಅಭ್ಯಾಸ, "ನೀವು ಹೇಳಲೇ ಇಲ್ಲ" ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಆ ಕಾಲು ನೋಡಿದ ಮೇಲೆ ಹೇಳಲಾಗಲಿಲ್ಲ. ನನಗೆ ನಿಜಕ್ಕೂ ಅಳು ಬಂತು. ಜನರೇಟರ್ ನೋಡಿಕೊಂಡು ಬರುತ್ತೇನೆ ಎಂದು ಹಿತ್ತಲಿಗೆ ಹೋದೆ. ನಮ್ಮಲ್ಲಿ ಜನರೇಟರ್ ಇಲ್ಲ.

ಮಂಜುಳ ಅಲ್ಲಿಗೇ ಬಂದು ಎಲ್ಲವನ್ನೂ ಬಾಯಿ ಬಿಡಿಸಿದಳು. ಬೈಕಿನವರನ್ನು ಹೊರಗೆ ಹಾಕೋಣವೇ ಎಂದೆ. "ಅವ್ರೂ ನಿಮ್ಮನ್ನ ನಂಬ್ಕಂಡೇ ಬಂದವ್ರೆ, ಪಾಪ" ಎಂದಳು. ನನ್ನನ್ನು ಅಷ್ಟು ಜನ ನಂಬಿರುವುದನ್ನು ಕೇಳಿ ನನಗೆ ಮೊದಲ ಬಾರಿಗೆ ಬೇಸರವಾಯಿತು. ಆಮೇಲೆ ಅವಳು ಹೊರಗೆ ಹೋಗಿ, "ಬನ್ರವ್ವ, ರೂಮ್ಗಿಂತ ಮೇಲ್ಗಡೆ ನಮ್ಮನೇಲೇ ಜಾಗ ಜಾಸ್ತಿ ಇದೆ" ಎಂದು ಎಲ್ಲರನ್ನೂ ಮಹಡಿಯ ಮೇಲಿನ ನಮ್ಮ ಮನೆಗೆ ಹತ್ತಿಸಿಕೊಂಡು ಹೋದಳು. ಹಾಲಿನ ತುಂಬ ಚಾಪೆ ಬಿತ್ತು. ಒಲೆಯ ಮುಂದೆ ನಾಲ್ಕು ಹೆಂಗಸರು ನಿಂತು ಸಾರು ಮುದ್ದೆ ಮಾಡಿದರು. ಪರಸ್ಪರ ಗೊತ್ತಿಲ್ಲದವರು ಊಟ ಮುಗಿಯುವಷ್ಟರಲ್ಲಿ ಅಣ್ಣ, ಅತ್ತಿಗೆ, ಚಿಕ್ಕವ್ವ ಆಗಿದ್ದರು. ಯಂತ್ರ ಮಾಡಿದ ಒಂದುಗೂಡಿಸುವಿಕೆಗಿಂತ ಇದು ಪರವಾಗಿಲ್ಲ ಅನ್ನಿಸಿತು. ನನ್ನ ಮಂಚದ ಮೇಲೆ ಆ ಮುದುಕಿ ಮೊಮ್ಮಗನನ್ನು ಹಾಕಿಕೊಂಡು ಮಲಗಿದ್ದಳು. ಉಳಿದ ಜಾಗದಲ್ಲೆಲ್ಲ ಮಾದೇಶರು. ನಾನು ಕಂಬಳಿ ಹಿಡಿದು ಕೆಳಗಿಳಿದು ಕೌಂಟರ್ ಪಕ್ಕದ ಬೆಂಚಿನ ಮೇಲೆ ಬಿದ್ದುಕೊಂಡೆ.

ಬೆಳಗಾಗುವಾಗ ಎಲ್ಲರೂ ಬಸ್ಸಿಗೆ ಹೊರಟು ಮೆಟ್ಟಿಲಿಳಿದರು. ಮುಖ ತೋರಿಸಲು ನಾಚಿಕೆಯಾಗಿ ಕಂಬಳಿಯನ್ನು ತಲೆಯ ಮೇಲಕ್ಕೆ ಎಳೆದುಕೊಂಡು ನಿದ್ದೆ ಬಂದವನ ಹಾಗೆ ಇದ್ದೆ. ಬರಿಗಾಲಿನ ಹೆಜ್ಜೆಯೊಂದು ಬೆಂಚಿನ ಹತ್ತಿರ ಬಂದು ನಿಂತಿತು.

"ಇದ್ಯಾರ್ ಮಗ, ಇಲ್ ಮನಿಕಂಡವ್ರೆ?" ಎಂದಳು ಮುದುಕಿ. "ರೂಮ್ ಸಿಗ್ನಿಲ್ವೇನೋ ಪಾಪ. ಒಂದ್ ಮಾತ್ ಕರ್ದಿದ್ರೆ ನಾವೇ ಒಸಿ ಒತ್ತರಿಸ್ಕಂಡು ಜಾಗ ಬಿಡ್ತಿದ್ವಲ್ಲ."

ಹಿಂದೆಯೇ ಮಂಜುಳಳ ಚಪ್ಪಲಿಯ ಸದ್ದೂ ಬಂದು ನಿಂತಿತು.

"ಯಾರೋ ಗೊತ್ತಿಲ್ಲ ಕಣಜ್ಜಿ," ಎಂದಳು. "ಯಾರೋ ಒಬ್ಬ ಮಾದೇಶ."

ನನ್ನ ಹೆಸರೂ ಅದೇ. ಗಂಡನ ಹೆಸರು ಹೇಳಬಾರದೆಂದು ಜನಗಣತಿಯವರು ಬಂದಾಗಲೂ ಪಕ್ಕದ ಮನೆಯವರ ಬಾಯಲ್ಲಿ ಹೇಳಿಸಿದವಳು ಅವಳು. ಮದುವೆಯಾದ ಮೇಲೆ ಆ ಹೆಸರು ಅವಳ ಬಾಯಿಂದ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.