ನನ್ನ ತಮ್ಮನ ಟ್ರಯಲ್ ರೌಂಡು

ನನ್ನ ತಮ್ಮನಷ್ಟು ಗಿರಾಕಿಗಳನ್ನು ಕಾಯಿಸಿದ ಅಂಗಡಿಯವನು ನಮ್ಮ ಬಿ.ಸಿ.ರೋಡ್ ಪೇಟೆಯಲ್ಲಿ ಇನ್ನೊಬ್ಬನಿಲ್ಲ. ಬೇಕಾದರೆ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳಿ! ಅವನು ವಾಟ್ಸಾಪ್ ನೋಡುವುದಿಲ್ಲ; ಆ ಧೈರ್ಯದ ಮೇಲೆ, ಈಚೆಗೆ ಕಲಿತ ಒಂಟಿ ಬೆರಳಿನ ಟೈಪಿಂಗಿನಲ್ಲಿ ಇದನ್ನು ಕುಟ್ಟುತ್ತಿದ್ದೇನೆ.

ಸೈಕಲ್ ಅಂಗಡಿ ನಮ್ಮ ಅಪ್ಪ ಹಾಕಿದ್ದು. ಮೊದಲಿಗೆ ಅಂಗಡಿ ಎಂದರೆ ಒಂದು ಜಗಲಿ, ಒಂದು ಪಂಪು, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹೋಗುವ ನಾಲ್ಕಾರು ಸೈಕಲ್ಲು, ಅಷ್ಟೆ. ಒಮ್ಮೆ ಅಪ್ಪ ರಿಪೇರಿಯಾದ ಸೈಕಲ್ಲನ್ನು ಓಡಿಸಿ ನೋಡದೆ ಪೋಸ್ಟ್‌ಮ್ಯಾನಿಗೆ ಕೊಟ್ಟುಬಿಟ್ಟರು. ಬ್ರೇಕ್ ಹಿಡಿಯಲಿಲ್ಲ. ಪಾಪ, ಅವರು ಅಂಚೆ ಚೀಲದ ಸಮೇತ ಇಳಿಜಾರಿನಲ್ಲಿ ಹಾರಿಹೋಗಿ ಮೀನಿನವಳ ಬುಟ್ಟಿಯ ಮೇಲೆ ಕವುಚಿ ಬಿದ್ದರು. ಆ ವಾರ ಊರಿಗೆ ಬಂದ ಕಾಗದಗಳಿಗೆಲ್ಲ ಬಂಗುಡೆಯ ವಾಸನೆ! ಅಂದಿನಿಂದ ಅಪ್ಪ ಒಂದು ಕಟ್ಟಳೆ ಮಾಡಿದರು: ಮನೆಯವರು ಯಾರಾದರೂ ಓಡಿಸಿ ನೋಡದೆ ಯಾವ ಸೈಕಲ್ಲೂ ಅಂಗಡಿ ದಾಟಬಾರದು.

ಅಪ್ಪನಿಗೆ ಅದು ಕಟ್ಟಳೆ, ತಮ್ಮನಿಗೆ ಹುಚ್ಚು. ಅಪ್ಪ ರಸ್ತೆಯ ತಿರುವಿನವರೆಗೆ ಹೋಗಿ ಬರುತ್ತಿದ್ದರು. ಇವನು ಹೆದ್ದಾರಿ ಹಿಡಿದು ಅಷ್ಟು ದೂರದ ಮಾಣಿ ಊರಿನವರೆಗೆ ಹೋಗುತ್ತಿದ್ದ. ಏರು ಹತ್ತದೆ, ಇಳಿಜಾರು ಇಳಿಯದೆ ಸೈಕಲ್ಲಿನ ಗುಣ ಗೊತ್ತಾಗುವುದು ಹೇಗೆ ಎಂದು ನಮಗೇ ಪ್ರಶ್ನೆ. ಗಿರಾಕಿಗಳು ಅಂಗಡಿಯ ಬೆಂಚಿನಲ್ಲಿ ಕೂತು, ಪೇಪರು ಓದಿ, ಪಕ್ಕದ ಹೋಟೆಲಿನಲ್ಲಿ ಚಾ ಕುಡಿದು, ಕೊನೆಗೆ ಪರಸ್ಪರ ಸಂಬಂಧವೇ ಬೆಳೆಸಿಬಿಡುತ್ತಿದ್ದರು.

ಒಮ್ಮೆ ದುಬೈಯಿಂದ ಬಂದವರೊಬ್ಬರು ಹೊಟ್ಟೆ ಕರಗಿಸಲಿಕ್ಕೆಂದು ಗೇರ್ ಸೈಕಲ್ ಕೊಂಡರು. ತಮ್ಮ ಟ್ರಯಲ್‌ಗೆಂದು ಹೊರಟ. ಮಾಣಿಯಲ್ಲಿ ಪರಿಚಯದವರು ಸಿಕ್ಕಿದರು, ಮಾತಿಗೆ ಮಾತು ಬೆಳೆಯಿತು, ಬಿ.ಸಿ.ರೋಡಿನ ಬಸ್ ಬಂತು, ಇವನು ಹತ್ತಿ ಬಂದುಬಿಟ್ಟ! ಬೆಂಚಿನಲ್ಲಿ ಬೆವರುತ್ತಿದ್ದ ಗಿರಾಕಿ ಸೈಕಲ್ ಎಲ್ಲಿ ಎಂದು ಕೇಳಿದರೆ, ಇವನು ಒಂದು ಕ್ಷಣ ಯೋಚಿಸಿ ಹೇಳಿದನಂತೆ: "ಮಾಣಿಯಲ್ಲಿ ನಿಂತಿದೆ. ಬ್ರೇಕ್ ಒಳ್ಳೆದುಂಟು ಅಂತ ಆಯ್ತಲ್ಲ."

ಇನ್ನು ಇವನಿಗೆ ಹೆಣ್ಣು ನೋಡಲು ನಾವು ಮೂಡುಬಿದಿರೆಗೆ ಹೋದ ಕಥೆ. ಒಳಗೆ ಹುಡುಗಿ ಕಾಫಿಯ ಟ್ರೇ ಹಿಡಿದು ನಿಂತಿದ್ದಾಳೆ, ಹುಡುಗನೇ ಇಲ್ಲ! ಹುಡುಕಿದರೆ, ಅಂಗಳದಲ್ಲಿ ಅವಳ ಅಪ್ಪನ ಸೈಕಲ್ಲಿಗೆ ಚೈನ್ ಬಿಗಿದು, ಓಡಿಸಿ ನೋಡಲು ಅದರಲ್ಲೇ ಹೊರಟುಹೋಗಿದ್ದ. ಬಂದ ಮೇಲೆ ಹುಡುಗಿ ಹೇಗೆ ಎಂದು ಕೇಳಿದೆ. "ಈಗ ಶಬ್ದ ಬರುವುದಿಲ್ಲ ಅಕ್ಕ" ಎಂದ. ಆ ಹುಡುಗಿಯೇ ಈಗ ನಮ್ಮ ನಾದಿನಿ. "ನನ್ನ ಮುಖ ನೋಡದೆ ಒಪ್ಪಿದ ಗಂಡಸು ಇವರೊಬ್ಬರೇ" ಎಂದು ಇವತ್ತಿಗೂ ಚುಚ್ಚುತ್ತಾಳೆ.

ಇಂಥವನಿಗೆ ಈ ವರ್ಷ ಮೊಣಕಾಲು ಕೈಕೊಟ್ಟಿತು. ಪೆಡಲ್ ತುಳಿಯಲೇಬಾರದು, ಅವಸರದ ನಡಿಗೆಯೂ ಬೇಡ ಎಂದರು ಡಾಕ್ಟರು. ರಿಪೇರಿಗೆ ಅಡ್ಡಿಯಿಲ್ಲ, ಕೂತು ಮಾಡುತ್ತಾನೆ. ಆದರೆ ಓಡಿಸಿ ನೋಡುವವರು ಯಾರು? ನಾದಿನಿಗೆ ಸೈಕಲ್ ಬರುವುದಿಲ್ಲ, ಮಕ್ಕಳಿಲ್ಲ. ರಿಪೇರಿಯಾದ ಸೈಕಲ್ಲುಗಳು ಗೋಡೆಗೆ ಒರಗಿ ಸಾಲಾಗಿ ನಿಂತವು. ಇವನು ಒಂದನ್ನೂ ಕೊಡಲೊಲ್ಲ. ಗಿರಾಕಿಗಳು ಬೈದರು, ನಾದಿನಿ ಅತ್ತಳು. ಗಿರಾಕಿಗಳೇ ಓಡಿಸಿ ನೋಡಲಿ ಎಂದರೆ, ಬಿದ್ದ ಮೇಲೆ ಗೊತ್ತಾಗುವುದಾ ಎಂದು ಕೇಳುತ್ತಾನೆ. ಕೊನೆಗೆ ಒಂದು ದಿನ ಷಟರ್ ಎಳೆದು, ಅಂಗಡಿ ಬಿಟ್ಟುಕೊಡುವ ಮಾತನ್ನೇ ಆಡಿದ. ಅಪ್ಪನ ಅಂಗಡಿ!

ಮರುದಿನ ನಾನೇ ಹೋದೆ. ಹೈಸ್ಕೂಲಿನ ಹುಡುಗಿಯೊಬ್ಬಳು ತನ್ನ ಸೈಕಲ್ಲಿಗಾಗಿ ಷಟರಿನ ಹೊರಗೆ ಕಾದು ನಿಂತಿದ್ದಳು. ತಮ್ಮ ಅವಳನ್ನು ನೋಡಿದ, ಸೈಕಲ್ಲನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ. ನನಗೆ ಹೆದರಿಕೆಯಾಯಿತು.

"ಅಕ್ಕ, ನೀನು ಒಂದು ರೌಂಡ್ ಹೋಗಿ ಬಾ."

"ನನಗೆ ಮೊಮ್ಮಕ್ಕಳಿದ್ದಾರೆ ಮಾರಾಯ."

"ಅವರನ್ನು ಕೂರಿಸಿಕೊಂಡು ಹೋಗು ಅಂತ ಹೇಳಿದೆನಾ? ನೀನು ಅಪ್ಪನ ಮಗಳಲ್ವಾ?"

ಮದುವೆಯಾಗಿ ಹೋದವಳು ಮನೆಯವಳಾಗುತ್ತಾಳೋ ಇಲ್ಲವೋ ಎಂಬ ದೊಡ್ಡ ಚರ್ಚೆಯನ್ನು ಹೀಗೆ ಒಂದೇ ಮಾತಿನಲ್ಲಿ ಮುಗಿಸಿದ. ಸೈಕಲ್ ಅಂಗಡಿಯವರ ಮಗಳು ನಾನು. ಬಾಡಿಗೆಗೆ ಹೋಗದ ಸೈಕಲ್ಲುಗಳಲ್ಲಿ ಲಂಗ ಎತ್ತಿಕಟ್ಟಿ ಕಲಿತವಳು. ಮರೆತಿರುತ್ತದೆಯೇ? ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಹುಡುಗಿಗೆ ಅಂದೇ ಸೈಕಲ್ ಸಿಕ್ಕಿತು, ನನ್ನ ಎಲುಬೂ ಸರಿಯಾಗಿದೆ ಎಂದು ಮೊದಲೇ ಹೇಳಿಬಿಡುತ್ತೇನೆ, ನಿಮಗೆ ಚಿಂತೆ ಬೇಡ.

ಅಂಗಡಿಯ ಹಿಂದಿನ ಮಣ್ಣಿನ ದಾರಿಯಲ್ಲಿ ಮೊದಲು ಹಾವಿನ ಹಾಗೆ ಹೋದೆ, ಆಮೇಲೆ ನೆಟ್ಟಗಾದೆ. ಗಾಳಿ ಮುಖಕ್ಕೆ ಬಡಿಯಿತು. ಇನ್ನೇನು ಜೋರಾಗಿ ತುಳಿದು ಇವನನ್ನು ಸ್ವಲ್ಪ ಹೆದರಿಸುವ ಎಂದು ಮನಸ್ಸು ಮಾಡಿದೆ. ಅಷ್ಟರಲ್ಲಿ ಹಿಂದೆ ಚಪ್ಪಲಿ ಎಳೆಯುವ ಶಬ್ದ. ಓರೆಗಣ್ಣಿನಲ್ಲಿ ನೋಡಿದರೆ, ತಮ್ಮ! ಆ ಮೊಣಕಾಲಿನಲ್ಲೇ ಕುಂಟುತ್ತಾ, ನಾನು ವಾಲಿದರೆ ಹಿಡಿಯಲಿಕ್ಕೆಂದು ಕ್ಯಾರಿಯರಿನ ಕಡೆಗೆ ಕೈ ಚಾಚಿಕೊಂಡು ಬರುತ್ತಿದ್ದಾನೆ.

"ಬ್ರೇಕ್ ಹಿಡೀತದಾ ಅಕ್ಕ?" ಎಂದು ಏದುಸಿರಿನಲ್ಲೇ ಕೇಳಿದ.

"ನೋಡ್ತಾ ಇದ್ದೇನೆ" ಎಂದೆ.

ಅವನ ಹೆಜ್ಜೆಗೆ ಸರಿಯಾಗುವ ಹಾಗೆ, ತಿರುವಿನವರೆಗೂ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಹೋದೆ.