ಲೆನ್ಸು ಬೆವರಿದ ದಿನ

ಚಿಂತೆ ಮಾಡುವವರಲ್ಲಿ ಎರಡು ಬಗೆ. ಕೆಲವರು ಕೂತಲ್ಲೇ ಚಿಂತಿಸುತ್ತಾರೆ. ಅವರಿಂದ ಯಾರಿಗೂ ತೊಂದರೆಯಿಲ್ಲ. ನಾನು ಎದ್ದು ಹೋಗಿ ಏನನ್ನಾದರೂ ತಿರುಗಿಸುವವನು. ಸೋರದಿರಲಿ ಎಂದು ಬಿಗಿಮಾಡಿ ಮಾಡಿ ಬಚ್ಚಲಿನ ನಲ್ಲಿಯ ತಲೆಯೇ ಒಮ್ಮೆ ನನ್ನ ಕೈಗೆ ಬಂದಿತ್ತು. ಇಂಥವನು ಹೊನ್ನಾವರದ ಹೆದ್ದಾರಿ ಪಕ್ಕದಲ್ಲಿ ಲೇಸರ್‌ನಿಂದ ಸ್ಟೀಲು ಕತ್ತರಿಸುವ ವರ್ಕ್‌ಶಾಪ್ ಇಟ್ಟದ್ದು, ನನ್ನ ಹೆಂಡತಿ ಹೇಳುವಂತೆ, ಚಿಂತೆಗೊಂದು ಶೆಡ್ಡು ಕಟ್ಟಿಸಿಕೊಟ್ಟ ಹಾಗೆ.

ಯಂತ್ರದ ತಲೆಯೊಳಗೆ ನಾಣ್ಯಕ್ಕಿಂತ ತುಸು ದೊಡ್ಡ ಲೆನ್ಸೊಂದಿದೆ. ಸ್ಟೀಲು ಕೊಯ್ಯುವ ಬೆಳಕೆಲ್ಲ ಅದರ ಮೂಲಕವೇ ಹಾಯಬೇಕು. ಅದನ್ನು ಕೂರಿಸುವುದೆಂದರೆ ಹಸುಗೂಸನ್ನು ಎತ್ತಿಕೊಂಡಂತೆ: ಜಾರಬಾರದು, ಅಮುಕಲೂಬಾರದು. ಕಾದಾಗ ಹಿಗ್ಗಲು ಕೂದಲೆಳೆಯಷ್ಟು ಜಾಗ ಬೇಕು. ಸುತ್ತ ಹರಿಯುವ ನೀರು ಅದನ್ನು ತಂಪಾಗಿಡುತ್ತದೆ. ಇದೆಲ್ಲ ನಮ್ಮ ಆಪರೇಟರ್ ನಾಗವೇಣಿಗೆ ಗೊತ್ತು. ನನಗೂ ಗೊತ್ತು; ಆದರೆ ನನ್ನ ಕೈಗೆ ಗೊತ್ತಿಲ್ಲ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುವ ದಿನ, ಹೊಳೆಯಾಚೆಯ ಕಾಸರಕೋಡಿನ ಗಣಪತಿ ತನ್ನ ಬೋಟಿನ ವಿಂಚಿಗೆ ಪ್ಲೇಟು ಬೇಕೆಂದು ಬಂದು ಕುಳಿತ. ವಿಂಚಿಲ್ಲದೆ ಬಲೆ ಎಳೆಯಲಾಗದು. ಪ್ಲೇಟು ಇವತ್ತೇ ಆಗದಿದ್ದರೆ ಮರುದಿನ ಬೆಳಿಗ್ಗೆ ಎಲ್ಲರೂ ಕಡಲಿಗಿಳಿಯುವಾಗ ಅವನೊಬ್ಬ ದಡದಲ್ಲಿ. ಇಂಥ ಕೆಲಸದಲ್ಲಿ ಲೆನ್ಸು ಅಲುಗಿಬಿಟ್ಟರೆ? ನಾಗವೇಣಿ ಊಟಕ್ಕೆ ಹೋದಾಗ ಅದನ್ನು ಹಿಡಿದಿಡುವ ಬಳೆಯನ್ನು ಅರ್ಧ ಸುತ್ತು ಬಿಗಿಮಾಡಿದೆ. ಯಂತ್ರ ಶುರುವಾದ ಸ್ವಲ್ಪ ಹೊತ್ತಿಗೇ ಲೆನ್ಸು ಬಿರುಕುಬಿಟ್ಟಿತು. ಉಳಿದದ್ದು ಇನ್ನೊಂದೇ; ಹೊಸದು ಬರಲು ಎರಡು ದಿನ. ನಾಗವೇಣಿ ಅದನ್ನು ಕೂರಿಸಿ, ಕೈ ತೊಳೆಯಲು ಹೋದಳು.

ಆಗ ಹೊಸ ಚಿಂತೆ ಶುರುವಾಯಿತು: ಇದು ಕಾದು ಒಡೆದರೆ? ನೀರು ತಣ್ಣಗಿದ್ದಷ್ಟೂ ಒಳ್ಳೆಯದೆಂದು ಅದನ್ನು ತಂಪುಮಾಡುವ ಚಿಲ್ಲರಿನ ಗುಂಡಿಯನ್ನು ತಿರುಗಿಸಿ ತಿರುಗಿಸಿ ತೀರಾ ಕೆಳಗಿಳಿಸಿದೆ. ನಮ್ಮ ಕರಾವಳಿಯ ಮಳೆಗಾಲದ ಗಾಳಿಯನ್ನು ಹಿಂಡಿದರೆ ಒಂದು ಕೊಡ ನೀರು ಸಿಗುತ್ತದೆ ಎಂಬುದು ನೆನಪಾಗಲಿಲ್ಲ. ನಾಗವೇಣಿ ಬಂದವಳು ಬೆಳಕು ಬಿಡುವ ಮೊದಲು ಟಾರ್ಚ್ ಹಾಕಿ ನೋಡಿದಳು. ಲೆನ್ಸಿನ ಮೇಲೆ ಸಣ್ಣ ಹನಿಗಳು.

"ಎಂತ ಮಾಡಿದ್ರಿ ಸರ್ ಮತ್ತೆ?" ಎಂದಳು. "ಫ್ರಿಜ್ಜಿಂದ ತೆಗೆದ ಬಾಟ್ಲಿ ಬೆವರೂದಿಲ್ವಾ? ಹಾಂಗೇ ಇದೂ. ಈಗ ಬೆಳಕು ಬಿಟ್ಟಿದ್ರೆ ಇದೂ ಸುಟ್ಟು ಹೋಗ್ತಿತ್ತು."

ನೀರು ಮತ್ತೆ ಹದಕ್ಕೆ ಬಂದು ಹನಿ ಆರುವವರೆಗೂ ಕಾಯಬೇಕಾಯಿತು. ನನ್ನನ್ನು ಹೊರಗೆ ಕಳಿಸಿದಳು. ಬಾಗಿಲಾಚೆ ಅತ್ತಿತ್ತ ತಿರುಗುತ್ತಿದ್ದ ನನ್ನನ್ನು ಗಣಪತಿ ಕೈಹಿಡಿದು ಬೆಂಚಿನ ಮೇಲೆ ಕೂರಿಸಿದ. "ಕುಳ್ಳಿ ನಾಯ್ಕರೆ," ಎಂದ ಮೆಲ್ಲಗೆ. "ಬೋಟು ನಂದು. ಹೆದರೂದಿದ್ರೆ ನಾ ಹೆದರ್ಬೇಕು."

ಸಂಜೆಯ ಹೊತ್ತಿಗೆ ಪ್ಲೇಟುಗಳಾದವು. ಬೆಳಿಗ್ಗೆ ಬೋಟು ಉಳಿದವುಗಳ ಜೊತೆಗೇ ಹೋಯಿತು. ಮರಳಿದ ಮೇಲೆ ಗಣಪತಿ ಒಂದು ಚೀಲ ಸಿಗಡಿ ತಂದು ನೇರ ನಾಗವೇಣಿಯ ಕೈಗೆ ಕೊಟ್ಟ. ನನಗೆ ಕೊಟ್ಟದ್ದು ಸಲಹೆ: ಅವಸರದ ಕೆಲಸವಿದ್ದ ದಿನ ಊರಲ್ಲಿರಬೇಡಿ.

ಕಳೆದ ವಾರ ಅದನ್ನು ಪಾಲಿಸಿದೆ. ಅಂಥದೇ ಕೆಲಸವೊಂದು ಬಂದಾಗ ಕುಮಟೆಯ ತಂಗಿಯ ಮನೆಗೆ ಹೋಗಿ, ಏನನ್ನೂ ಮುಟ್ಟದೆ, ಇಡೀ ಮಧ್ಯಾಹ್ನ ಕಳೆದೆ. ಸಂಜೆ ಬಂದು ಕೆಲಸ ಮುಗಿಯಿತೇ ಎಂದು ಕೇಳಿದೆ. ಇನ್ನೂ ಅರ್ಧ ಉಳಿದಿತ್ತು. ಯಂತ್ರ ನಿಂತಿತ್ತೇ ಎಂದೆ ಗಾಬರಿಯಿಂದ.

"ಹನ್ನೊಂದು ಸಲ ನಿಲ್ಸಿದ್ದೆ ಸರ್," ಎಂದಳು ನಾಗವೇಣಿ, "ನಿಮ್ಮ ಫೋನ್ ಎತ್ತಲಿಕ್ಕೆ."