ಗಡಿಕಲ್ಲಿನಾಚೆಯ ಬೀಗರು

ನನಗೆ ಸಿಟ್ಟು ಬಂದಿದೆ ಎಂದರೆ ಮೊದಲು ನಗುವವಳು ನನ್ನ ಹೆಂಡತಿ ಅನ್ನಪೂರ್ಣಾ. "ಯಾವ ಸಿಟ್ಟು, ಸಾಲಿದೋ ಮನೀದೋ?" ಎಂದು ಕೇಳುತ್ತಾಳೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮಾಸ್ತರನ ಸಿಟ್ಟು ಶಾಲೆಯ ಕಾಂಪೌಂಡು ದಾಟಿದ ಮೇಲೆ ನಡೆಯುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಒಂದು ಸಿಟ್ಟನ್ನು ನಾನು ಏಳೆಂಟು ವರ್ಷದಿಂದ ಕೆಡದಂತೆ ಇಟ್ಟುಕೊಂಡಿದ್ದೇನೆ, ದಿನಾ ಬಿಸಿ ಮಾಡಿ ಉಣ್ಣುತ್ತಿದ್ದೇನೆ. ತೆರಿಗೆ ಕೊಡಲು ನನ್ನ ತಕರಾರಿಲ್ಲ. ಸಂಬಳ ಕೈಗೆ ಬರುವ ಮೊದಲೇ ಸರಕಾರ ಹಿಡಿದುಕೊಂಡದ್ದನ್ನು ನಾನು ಎಂದೂ ಕಣ್ಣಾರೆ ಕಂಡವನಲ್ಲ, ಕಾಣದ್ದಕ್ಕೆ ಅಳುವವನೂ ಅಲ್ಲ. ತೆರಿಗೆಯ ಮೇಲೆ ಭಾಷಣ ಮಾಡುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ. ಇವತ್ತು ಒಂದು ಹೇಳಿ, ನಾಳೆ ಅದೇ ಮೈಕಿನಲ್ಲಿ ಅದಕ್ಕೆ ತದ್ವಿರುದ್ಧ ಹೇಳಿ, ಎರಡೂ ದಿನ ಹಾರ ಹಾಕಿಸಿಕೊಳ್ಳುವವರನ್ನು ಏನು ಮಾಡಬೇಕು ಹೇಳಿ.

ಮೊದಲಿನಿಂದ ಹೇಳುತ್ತೇನೆ. ನಾನು ಹುಟ್ಟಿದ್ದು ದೇವದುರ್ಗದಲ್ಲಿ, ಮಾನ್ವಿಯಲ್ಲಿ ಕೆಲವು ವರ್ಷ ಕಲಿಸಿ ರಾಯಚೂರಿಗೆ ವರ್ಗವಾಗಿ ಬಂದೆ. ಊರೊಳಗೆ ಜಾಗ ಕೊಳ್ಳುವ ತಾಕತ್ತು ಇರಲಿಲ್ಲ. ಮಾನ್ವಿ ರಸ್ತೆಯ ಮೇಲೆ, ಮುನ್ಸಿಪಾಲ್ಟಿಯ ಗಡಿಕಲ್ಲು ದಾಟಿದ ಕೂಡಲೆ ಒಂದು ಬಯಲು ಪ್ಲಾಟುಗಳಾಗುತ್ತಿತ್ತು. ಅಲ್ಲೊಂದು ತುಂಡು ಹಿಡಿದು ಎರಡು ಖೋಲಿ ಕಟ್ಟಿಸಿದೆ. ಪ್ಲಾಟು ಮಾರಿದವನು, "ಇಲ್ಲಿ ಘರಪಟ್ಟಿ ಇಲ್ಲ, ಏನಿಲ್ಲ, ರಾಜಾನಂಗ ಇರ್ರಿ ಮಾಸ್ತರ" ಎಂದಿದ್ದ. ಮನೆ ತೆರಿಗೆಯಂತೆಯೇ ಬೀದಿದೀಪ ಇಲ್ಲ, ಚರಂಡಿ ಇಲ್ಲ, ನೀರು ಇಲ್ಲ ಎಂಬುದನ್ನು ಅವನು ಹೇಳಲಿಲ್ಲ. ಆ "ಏನಿಲ್ಲ"ದಲ್ಲೇ ಎಲ್ಲವೂ ಬಂತು ಎಂದುಕೊಂಡಿದ್ದನೇನೋ.

ಜಕಾತಿ ಇನ್ನೂ ರದ್ದಾಗಿರದ ಕಾಲ ಅದು. ಊರೊಳಗೆ ಬರುವ ಮಾಲಿಗೆಲ್ಲ ನಾಕಾದಲ್ಲಿ ತೆರಿಗೆ. ವರ್ಷಕ್ಕೊಮ್ಮೆ ನಾನು ದೇವದುರ್ಗದಿಂದ ಒಂದು ಚೀಲ ಬಿಳಿಜೋಳ ತರುತ್ತಿದ್ದೆ. ಬಸ್ಸು ನನ್ನ ಮನೆಯ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು. ಅನ್ನಪೂರ್ಣಾ ಹೊಸ್ತಿಲಲ್ಲಿ ನಿಂತಿದ್ದು ಕಿಟಕಿಯಿಂದ ಕಾಣುತ್ತಿತ್ತು. ಆದರೆ ಚೀಲ ಬಸ್ಸಿನ ತಲೆಯ ಮೇಲೆ, ಅದನ್ನು ಇಳಿಸುವ ಹಮಾಲರು ಬಸ್‌ಸ್ಟ್ಯಾಂಡಿನಲ್ಲಿ. ಹಾಗಾಗಿ ಮನೆ ದಾಟಿ, ನಾಕಾದಲ್ಲಿ ಜಕಾತಿ ತೆತ್ತು, ಸ್ಟ್ಯಾಂಡಿನಲ್ಲಿ ಚೀಲ ಇಳಿಸಿ, ಟಾಂಗಾದಲ್ಲಿ ಹಾಕಿಕೊಂಡು ಅದೇ ನಾಕಾ ದಾಟಿ ಮನೆಗೆ ಬರಬೇಕು. ಮೊದಲ ವರ್ಷ ಟಾಂಗಾ ನಿಲ್ಲಿಸಿ ನಾಕಾದ ಕಾರಕೂನನಿಗೆ ನ್ಯಾಯ ಹೇಳಿದೆ. "ಈ ಜೋಳ ನಿಮ್ಮ ಊರಾಗ ಒಂದು ರೊಟ್ಟಿನೂ ಆಗಿಲ್ಲಪ್ಪ. ಹೊರಗಿನಿಂದ ಬಂತು, ಹೊರಗ ಹೊಂಟದ. ರೊಕ್ಕ ವಾಪಸ್ ಕೊಡು."

ಅವನು ಬೀಡಿ ಆರಿಸಿ ಬಹಳ ಗೌರವದಿಂದ ಹೇಳಿದ: "ಒಳಗ ಬಂದ ಮಾಲಿಗೆ ಜಕಾತಿ ತಗೊಳ್ಳೂದು ನನ್ನ ನೌಕರಿ ಸರ. ಹೊರಗ ಹೋಗೂದು ನಿಮ್ಮ ಖುಷಿ."

ಜೋಳ ವರ್ಷಕ್ಕೊಮ್ಮೆ, ನೀರು ದಿನಾ. ಕೃಷ್ಣೆಯ ನೀರು ದೇವಸುಗೂರಿನ ಕಡೆಯಿಂದ ಅಷ್ಟು ದೂರ ಪೈಪಿನಲ್ಲಿ ಹರಿದು, ಇಡೀ ಊರು ದಾಟಿ, ನನ್ನ ಮನೆಗೆ ನಲವತ್ತು ಹೆಜ್ಜೆ ಇರುವಾಗ ಗಡಿಕಲ್ಲಿನ ಹತ್ತಿರ ಒಂದು ಬೀದಿ ನಳವಾಗಿ ನಿಂತುಬಿಡುತ್ತಿತ್ತು. ನಳದ ಎದುರು ಮನೆಯ ಹುಲಿಗೆಮ್ಮ ಆ ನಳಕ್ಕೆ ಒಡತಿ. ಯಾರೂ ನೇಮಿಸಿದ್ದಲ್ಲ, ಗಂಟಲಿನ ಬಲದಿಂದ ಗಳಿಸಿದ್ದು. ಘರಪಟ್ಟಿ ಕೊಡುವ ಒಳಗಿನವರ ಕೊಡ ಮೊದಲು, ಹೊರಗಿನವರದು ಕಡೆಗೆ ಎಂಬುದು ಅವಳ ಕಾನೂನು. ಹೊರಗಿನವರ ಸರದಿ ಬರುವ ಹೊತ್ತಿಗೆ ನಳ ಬರೀ ಗಾಳಿ ಉಸುರುತ್ತಿತ್ತು. ಅನ್ನಪೂರ್ಣಾ ಬೇಲಿ ದಾಟಿ ಹೊಲದ ಬಾವಿಗೆ ಹೋಗುತ್ತಿದ್ದಳು. ಎರಡನೆಯ ಬೇಸಿಗೆಗೆ ಅವಳ ಸೊಂಟ ಹಿಡಿಯಿತು. ಬಗ್ಗಿದರೆ ಏಳಲು ಗೋಡೆ ಬೇಕು. ಡಾಕ್ಟರು, "ಕೊಡ ಎತ್ತಿದರೆ ಮುಂದೆ ಮಂಚ ಬಿಟ್ಟು ಏಳೋದೇ ಕಷ್ಟ" ಎಂದರು. ನೀವು ಕೇಳಬಹುದು, ನೀನೇಕೆ ಹೋಗಲಿಲ್ಲ ಎಂದು. ಕೇಳಬೇಡಿ. ಆ ಸಾಲಿನಲ್ಲಿ ನಿಲ್ಲುವ ಹೆಂಗಸರ ಪೈಕಿ ಅರ್ಧ ಜನರ ಮಕ್ಕಳು ನನ್ನ ತರಗತಿಯವರು. ಇಸ್ತ್ರಿ ಪಂಚೆ ಉಟ್ಟು ಹಳಗನ್ನಡ ಕಲಿಸುವ ಮಾಸ್ತರ ಹೆಗಲ ಮೇಲೆ ಕೊಡ ಇಟ್ಟುಕೊಂಡು ಹೋಗುವುದೆಂದರೆ ಏನು ಎಂದು ಆಗ ನನಗೆ ಬಹಳ ಸ್ಪಷ್ಟವಾಗಿ ಗೊತ್ತಿತ್ತು. ಮನೆಗೊಂದು ನಳ ತಂದೇ ತರುತ್ತೇನೆ ಎಂದು ಮಂಚದ ಪಕ್ಕ ನಿಂತು ಪ್ರತಿಜ್ಞೆ ಮಾಡಿದೆ. ಪ್ರತಿಜ್ಞೆಗೆ ಪಂಚೆ ಎತ್ತಿ ಕಟ್ಟಬೇಕಾಗಿರಲಿಲ್ಲ.

ನಳ ತರುವ ದಾರಿ ಎಂದು ನನಗೆ ಕಂಡವರು ಸಾಹುಕಾರರು. ಹೆಸರು ಬೇಡ. ನಮ್ಮ ರಸ್ತೆಯಲ್ಲೇ, ಗಡಿಕಲ್ಲಿನ ಹೊರಗೆ, ಅವರ ಅಕ್ಕಿ ಗಿರಣಿ. ಮಾನ್ವಿ ಕಡೆಯ ನಾಲೆಯ ಭತ್ತ ನಾಕಾ ಮುಟ್ಟದೆ ಅವರ ಗಿರಣಿ ಸೇರುತ್ತಿತ್ತು. ಅವರು ತಾಲೂಕು ಬೋರ್ಡಿನ ಚುನಾವಣೆಗೆ ನಿಂತರು. ಗಡಿಯಾಚೆಗೂ ಮುನ್ಸಿಪಾಲ್ಟಿಯ ತೆರಿಗೆ ಬರುತ್ತದಂತೆ ಎಂಬ ಗಾಳಿಸುದ್ದಿ ಎದ್ದಿತ್ತು. ಅದನ್ನು ವಿರೋಧಿಸಿ ಭಾಷಣ ಬೇಕು. ಸಾಹುಕಾರರು ನಿಜಾಮರ ಕಾಲದಲ್ಲಿ ಉರ್ದು ಸಾಲೆ ಕಲಿತವರು. ಕನ್ನಡ ಮಾತಾಡಿದರೆ ಕಲ್ಲು ಕರಗಬೇಕು, ಓದು ಎಂದರೆ ಅಕ್ಷರಕ್ಕೊಂದು ಸಲ ಕನ್ನಡಕ ಒರೆಸಬೇಕು. ನಾನು ಬರೆದುಕೊಟ್ಟದ್ದನ್ನು ಅವರ ಮುನ್ಷಿ ಉರ್ದು ಅಕ್ಷರದಲ್ಲಿ ಇಳಿಸಿಕೊಳ್ಳುತ್ತಿದ್ದ. ಬಲದಿಂದ ಎಡಕ್ಕೆ ಓದುತ್ತ ಅವರು ಅಚ್ಚಗನ್ನಡ ಆಡುತ್ತಿದ್ದರು.

ಇಲ್ಲಿ ನನ್ನ ಕಸುಬಿನ ಬಗ್ಗೆ ಒಂದು ಮಾತು. ಚರ್ಚಾ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವುದರಲ್ಲಿ ಜಿಲ್ಲೆಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ವಿಷಯ ಯಾವುದೇ ಇರಲಿ, ಒಂದು ಹಾಳೆಯಲ್ಲಿ 'ಪರ', ಇನ್ನೊಂದರಲ್ಲಿ 'ವಿರೋಧ'. ಎರಡನ್ನೂ ನಾನೇ ಬರೆಯುವವನು, ಎರಡಕ್ಕೂ ಅಷ್ಟೇ ಬೆವರು. ಮಾನ್ವಿಯಲ್ಲಿದ್ದಾಗ ಒಬ್ಬ ಹುಡುಗಿ ಬಹುಮಾನದ ಕಪ್ಪು ಹಿಡಿದುಕೊಂಡು, "ಸರ್, ಖರೇ ಅಂದ್ರ ನೀವು ಯಾವ ಕಡೀಗಿ ಅದೀರಿ?" ಎಂದು ಕೇಳಿದ್ದಳು. ಕಪ್ಪು ಒರೆಸಿ ಆಫೀಸಿನಲ್ಲಿಡು ಎಂದು ಹೇಳಿ ಕಳಿಸಿದೆ.

ಆ ರೂಢಿಯ ಬಲದಿಂದ ಸಾಹುಕಾರರಿಗೂ ಎರಡೂ ಹಾಳೆ ಬರೆದುಕೊಟ್ಟೆ. ಎದುರಾಳಿ ಹೀಗೆ ವಾದಿಸಿದರೆ ನಿಮಗೆ ಗೊತ್ತಿರಲಿ ಎಂಬ ಸದುದ್ದೇಶ. ಸಾಹುಕಾರರು ನಮ್ಮ ಬಯಲಿನಲ್ಲಿ ಎತ್ತಿನ ಬಂಡಿಯ ಮೇಲೆ ನಿಂತು ಮೊದಲನೆಯ ಹಾಳೆ ಹೊಡೆದರು. "ಯಾವ ಬೀದಿಗೆ ದೀಪವಿಲ್ಲವೋ, ಯಾವ ಮನೆಗೆ ನೀರಿಲ್ಲವೋ, ಆ ಮನೆಯ ಬಾಗಿಲಿಗೆ ಪಟ್ಟಿ ಕೇಳಲು ಬರುವ ಕಾಲಿಗೆ ನಾಚಿಕೆಯಿಲ್ಲವೇ?" ಜನ ಸಿಳ್ಳೆ ಹೊಡೆದರು. ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಅನ್ನಪೂರ್ಣಾ ಕೂಡ ನನ್ನ ಕಡೆ ನೋಡಿ ನಕ್ಕಳು. ಮದುವೆಯಾದ ಮೇಲೆ ಅವಳು ಹಾಗೆ ನೋಡಿದ್ದು ಅದು ಎರಡನೆಯ ಸಲವಿರಬೇಕು. ಸಾಹುಕಾರರು ಗೆದ್ದರು. "ನಳದ ಜಿಮ್ಮೇದಾರಿ ನಂದು ಮಾಸ್ತರ, ಬಿಲ್ಕುಲ್ ಫಿಕರ್ ಮಾಡಬ್ಯಾಡ್ರಿ" ಎಂದರು. ನಾನು ಫಿಕರ್ ಮಾಡಲಿಲ್ಲ. ಬೇಸಿಗೆ ಒಂದಾಯಿತು, ಎರಡಾಯಿತು, ಅನ್ನಪೂರ್ಣಾ ಬಾವಿಗೆ ಹೋಗುತ್ತಲೇ ಇದ್ದಳು.

ಆಮೇಲೆ ಮುನ್ಸಿಪಾಲ್ಟಿ ಚುನಾವಣೆ ಬಂತು. ಸಾಹುಕಾರರಿಗೆ ಊರೊಳಗೂ ಒಂದು ಹಳೆಯ ಮನೆಯಿತ್ತು, ಅದರ ಮೇಲೆ ಒಂದು ವಾರ್ಡಿಗೆ ನಿಂತರು. ಒಂದು ಸಂಜೆ ಕಾಯಿಪಲ್ಲೆ ಚೀಲ ಹಿಡಿದು ಊರ ನಡುವಿನ ತೀನ್ ಕಂದೀಲು ಚೌಕದ ಹತ್ತಿರ ಬರುತ್ತಿದ್ದೆ. ಮೈಕಿನಲ್ಲಿ ಯಾರೋ ಗುಡುಗುತ್ತಿದ್ದರು. "ಹಗಲೆಲ್ಲ ನಮ್ಮ ಊರ ರಸ್ತೆ ಸವೆಸಿ, ನಮ್ಮ ನಳದ ನೀರು ಕುಡಿದು, ಸಂಜೆಗೆ ಗಡಿಕಲ್ಲು ದಾಟಿ ಹೋಗಿ ಕಾಲು ಚಾಚುವವರು ನಮಗೇನು ಬೀಗರೇ? ಅವರೂ ಪಟ್ಟಿ ಕೊಡಲಿ, ಕೊಡುವ ತನಕ ಹನಿ ನೀರಿಲ್ಲ!" ಚಪ್ಪಾಳೆ. ವಾಕ್ಯ ಬಹಳ ಚೆನ್ನಾಗಿದೆ ಅನ್ನಿಸಿತು. ಬೀಗರೇ ಎಂಬ ಮಾತು ಸರಿಯಾದ ಜಾಗದಲ್ಲಿ ಬಿದ್ದಿದೆ, ಯಾವನೋ ಕಲಿತವನು ಬರೆದಿದ್ದಾನೆ ಎಂದು ತಲೆದೂಗಿದೆ. ನಾಲ್ಕು ಹೆಜ್ಜೆ ನಡೆದ ಮೇಲೆ ನೆನಪಾಯಿತು, ಬರೆದವನು ನಾನೇ. ಅದು ಎದುರಾಳಿಯ ವಾದವೆಂದು ಬರೆದುಕೊಟ್ಟಿದ್ದ ಎರಡನೆಯ ಹಾಳೆ. ಓದುತ್ತಿದ್ದವರು ಸಾಹುಕಾರರು.

ಆಗ ಬಂದ ಸಿಟ್ಟೇ ಸಿಟ್ಟು. ಮನೆಗೆ ಬಂದು ಚೀಲ ಕುಕ್ಕಿದೆ, ಬದನೆಕಾಯಿ ಉರುಳಿದವು. ಅವುಗಳನ್ನು ಆರಿಸಲು ಬಗ್ಗಿದ ಅನ್ನಪೂರ್ಣಾ ಗೋಡೆ ಹಿಡಿದುಕೊಂಡು ಎದ್ದಳು. "ನಾಳೆ ಹೋಗಿ ಅವನ ಮಾರಿ ಮ್ಯಾಲೆ ಕೇಳತೀನಿ. ನಳ ಇಲ್ಲಾ ಅಂದ್ರ ಅವನ ಗಿರಣಿ ಮುಂದ ಕುಂಡ್ರತೀನಿ!" ಎಂದು ಕೂಗಿದೆ.

"ಮೊದಲು ನಳದ್ದು ಕೇಳ್ರಿ. ಬೇರೆ ಮಾತು ಆಮ್ಯಾಲೆ" ಎಂದಳು ಅವಳು.

ಮರುದಿನ ಗಿರಣಿಗೆ ನುಗ್ಗಿದೆ. ಸಾಹುಕಾರರು ಗಾದಿಯ ಮೇಲೆ ತೌಡಿನ ಧೂಳು ಜಾಡಿಸುತ್ತ ಕೂತಿದ್ದರು. "ಬರ್ರಿ ಮಾಸ್ತರ, ಕುಂದರ್ರಿ. ಚಾ ತರಸ್ತೀನಿ."

"ಚಾ ಬ್ಯಾಡ! ನಾಚಿಕಿ ಆಗಂಗಿಲ್ಲೇನ್ರಿ ನಿಮಗ? ಹ್ವಾದ ಸಲ ಬಂಡಿ ಮ್ಯಾಲ ನಿಂತು ಏನಂದ್ರಿ, ನಿನ್ನೆ ಏನಂದ್ರಿ? ನಾವು ಹೊರಗಿನವರು ಮನಶೇರಲ್ಲೇನು?"

ಅವರಿಗೆ ಕಿಂಚಿತ್ತೂ ಮುಜುಗರವಾಗಲಿಲ್ಲ. ಗಲ್ಲಾಪೆಟ್ಟಿಗೆ ತೆರೆದು ಎರಡು ಹಾಳೆ ತೆಗೆದು ನನ್ನ ಮುಂದಿಟ್ಟರು. ನನ್ನದೇ ದುಂಡಗಿನ ಅಕ್ಷರ. "ಇದೂ ನೀವಽ ಬರದದ್ದು, ಇದೂ ನೀವಽ ಬರದದ್ದು. ಎರಡೂ ಓದಿಸಿ ಕೇಳೀನಿ. ಎರಡೂ ಖರೇ ಅನಸ್ತಾವ. ಕಲಿತವರು ನೀವು, ನಿಮಗಽ ಯಾವುದು ಗಲತ್ ಅಂತ ಗೊತ್ತಾಗಿಲ್ಲ, ನನಗ ಹ್ಯಾಂಗ ಗೊತ್ತಾಗಬೇಕು?"

ಅವರು ನಿಧಾನವಾಗಿ ಮುಂದುವರಿಸಿದರು. ನಮ್ಮ ಬಯಲಿನಲ್ಲಿ ಅವರೂ ಆರೇಳು ಪ್ಲಾಟು ಹಿಡಿದಿದ್ದಾರಂತೆ. ಹೊರಗಿನವರಿಗೂ ಪೂರ್ತಿ ಪಟ್ಟಿ ಎಂದು ಊರೊಳಗೆ ಮಾತು ಕೊಟ್ಟಾಗಿದೆ, ನಿಜಕ್ಕೂ ಪೂರ್ತಿ ಬಂದರೆ ಪ್ಲಾಟು ಯಾರೂ ಕೊಳ್ಳುವುದಿಲ್ಲ. "ಅದಕ್ಕ ಮೂರನೇದೊಂದು ಬೇಕ್ರಿ ಮಾಸ್ತರ. ಪಟ್ಟಿ ಬೇಕು ಅಂತನೂ ಇರಬೇಕು, ಬ್ಯಾಡ ಅಂತನೂ ಇರಬೇಕು. ನ್ಯಾಯ ಅನ್ನೂ ಮಾತು ನಾಕು ಸಲ ಬರಬೇಕು."

ಎದ್ದು ಹೊರಡಬೇಕಿತ್ತು. ಎದ್ದೂ ಇದ್ದೆ. ಅಷ್ಟರಲ್ಲಿ ಎರಡನೆಯ ಹಾಳೆ ಕಣ್ಣಿಗೆ ಬಿತ್ತು. ಬೀಗರೇ ಎಂದ ಮೇಲೆ ಒಂದು ಉಸಿರು ಬಿಡಬೇಕೆಂದು ನಾನು ಗೆರೆ ಎಳೆದಿದ್ದೆ. ನಿನ್ನೆ ಇವರು ಅಲ್ಲಿ ನಿಲ್ಲದೆ ಓಡಿದ್ದರು. ಅದಕ್ಕೇ ಚಪ್ಪಾಳೆ ತಡವಾಗಿ ಬಂದದ್ದು. "ಇಲ್ಲಿ ನಿಂದ್ರಬೇಕಿತ್ತು ನೀವು!" ಎಂದು ಕೂಗಿದೆ. ನೀರಿನ ಸಲುವಾಗಿಯೂ ನಾನು ಅಷ್ಟು ಜೋರಾಗಿ ಕೂಗಿರಲಿಲ್ಲ. "ನಿಂತು, ಜನರ ಕಡೆ ಬೆರಳು ತೋರಿಸಿ, ಆಮೇಲೆ ಮುಂದಿನ ಮಾತು!" ಸಾಹುಕಾರರು ಮುನ್ಷಿಯನ್ನು ಕರೆದರು. ಅವನು ಪೆನ್ನು ತಂದ. ನಾನು ಕೂತೆ. ತೋರಿಸಿಕೊಟ್ಟೆ. ಒಂದು ಸಲ ನಾನೇ ನಿಂತು ಓದಿ ಕೇಳಿಸಿದೆ, ಹಮಾಲರು ಚೀಲ ಕೆಳಗಿಟ್ಟು ಚಪ್ಪಾಳೆ ಹೊಡೆದರು. ಮೂರನೆಯ ಹಾಳೆಗೂ ಒಂದು ಒಳ್ಳೆಯ ಆರಂಭ ತಲೆಯಲ್ಲಿ ಬಂತು, ಬಂದದ್ದನ್ನು ಬಿಡಬಾರದೆಂದು ಅಲ್ಲೇ ಬರೆದುಬಿಟ್ಟೆ. ನ್ಯಾಯ ಐದು ಸಲ ಬಂತು. ಚಹಾ ಎರಡು ಸಲ ಬಂತು.

ಮನೆಯ ಬಾಗಿಲಲ್ಲಿ ಅನ್ನಪೂರ್ಣಾ ನಿಂತಿದ್ದಳು. "ನಳದ್ದು ಏನಂದ್ರು?"

ನಾನು ಚಪ್ಪಲಿ ಬಿಡುತ್ತಿದ್ದೆ. ಒಂದು ಚಪ್ಪಲಿ ಕಾಲಲ್ಲೇ ಉಳಿಯಿತು. ನಳದ ಮಾತು ಎತ್ತಿಯೇ ಇರಲಿಲ್ಲ.

ಅವಳು ಬೈಯಲಿಲ್ಲ. ಬೈದಿದ್ದರೆ 'ಪರ'ವೋ 'ವಿರೋಧ'ವೋ ಏನೋ ಒಂದು ಹೇಳುತ್ತಿದ್ದೆ. ಒಳಗೆ ಹೋಗಿ, ಎರಡು ಖಾಲಿ ಕೊಡ ತಂದು ನನ್ನ ಕಾಲ ಬಳಿ ಇಟ್ಟಳು. ಇಡುವಾಗ ಸೊಂಟ ಹಿಡಿದುಕೊಂಡಳು. "ನನ್ನ ಕೈಲೆ ಆಗಂಗಿಲ್ರಿ ಇನ್ನ" ಎಂದಳು, ಅಷ್ಟೇ. ನಾನು ಪಂಚೆ ಎತ್ತಿ ಕಟ್ಟಿದೆ.

ಅಂದಿನಿಂದ ಇಂದಿನವರೆಗೆ ಆ ಕೊಡಗಳು ನನ್ನವು. ಸಾಹುಕಾರರು ಎರಡನೆಯ ಹಾಳೆಯನ್ನು ನಾನು ಕಲಿಸಿದಂತೆಯೇ ಬೀದಿಬೀದಿಯಲ್ಲಿ ಓದಿ ಆ ವಾರ್ಡು ಗೆದ್ದರು, ಮೂರನೆಯ ಹಾಳೆಯ ಬಲದಿಂದ ಪ್ಲಾಟುಗಳನ್ನೂ ಮಾರಿಕೊಂಡರು. ಜಕಾತಿ ರದ್ದಾಯಿತು, ನಾಕಾದ ಕೋಣೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಬಂತು. ನಮಗೆ ಪಟ್ಟಿಯೂ ಬಂತು, ಅರ್ಧ. ನಳ ಮಾತ್ರ ಇನ್ನೂ ಗಡಿಕಲ್ಲಿನ ಆಚೆಯೇ ಇದೆ. ದಿನಾ ಬೆಳಿಗ್ಗೆ ಸಾಲಿನ ಕೊನೆಯಲ್ಲಿ, ನನ್ನ ವಿದ್ಯಾರ್ಥಿಗಳ ತಾಯಂದಿರ ಹಿಂದೆ, ಕುದಿಯುತ್ತ ನಿಲ್ಲುತ್ತೇನೆ. ಒಂದು ದಿನ ತಡೆಯಲಾರದೆ ಹುಲಿಗೆಮ್ಮನಿಗೆ ಹೇಳಿಯೇಬಿಟ್ಟೆ. "ನಾವೂ ಈಗ ಪಟ್ಟಿ ಕೊಡತೀವಿ ಹುಲಿಗೆಮ್ಮಾ. ನಮ್ಮನ್ನ ಹಿಂದ ಹಾಕೂದು ಅನ್ಯಾಯ."

ಹುಲಿಗೆಮ್ಮ ಸೆರಗು ಸಿಗಿಸಿ ನನ್ನ ಕಡೆ ತಿರುಗಿದಳು. "ಹಗಲೆಲ್ಲ ನಮ್ಮ ಊರ ರಸ್ತಾ ಸವಿಸಿ, ಗಡಿಕಲ್ಲು ದಾಟಿ ಕಾಲು ಚಾಚವರು ನಮಗೇನು ಬೀಗರೇನ್ರಿ ಮಾಸ್ತರ?" ಎಂದು ನಿಂತಳು. ನಿಂತು, ಉಸಿರು ಬಿಟ್ಟು, ನನ್ನ ಕಡೆ ಬೆರಳು ತೋರಿಸಿ, ಆಮೇಲೆ ಹೇಳಿದಳು: "ಹಿಂದ ಸರೀರಿ."

ಎಲ್ಲಿ ನಿಲ್ಲಬೇಕೋ ಸರಿಯಾಗಿ ಅಲ್ಲೇ ನಿಂತಿದ್ದಳು. ನಾನು ಕೊಡ ಎತ್ತಿಕೊಂಡು ಹಿಂದೆ ಸರಿದೆ.